ಕಾಲುಂಗುರ ಕಪ್ಪಾದ ಕಡಲತೀರ

ಮೂರನೇ ದಿನ ಬೆಳಿಗ್ಗೆ ಕಾಲು ತೊಳೆಯುವಾಗ ನೋಡಿದೆ, ನನ್ನ ಕಾಲುಂಗುರ ಕಪ್ಪಾಗಿತ್ತು. ಮಸಿ ಮೆತ್ತಿದ ಹಾಗೆ. ಹೋಟೆಲಿನ ಸೋಪಿನಿಂದ ಆಗಿರಬಹುದು ಅಂದುಕೊಂಡು ಉಜ್ಜಿದೆ, ಹೋಗಲಿಲ್ಲ. ಮದುವೆಯಾದಾಗಿನಿಂದ ಬೆರಳಲ್ಲೇ ಇರುವ ಬೆಳ್ಳಿ ಅದು, ಹೆರಿಗೆಯಲ್ಲೂ ತೆಗೆದಿರಲಿಲ್ಲ. ಎರಡು ರಾತ್ರಿಯಲ್ಲಿ ಹೀಗಾಗಿದೆ ಅಂದರೆ ನಾವು ಮೂವರೂ ಎಂಥ ಗಾಳಿ ಉಸಿರಾಡುತ್ತಿದ್ದೇವೆ ಅಂತ ಆಗ ನಿಜಕ್ಕೂ ಭಯವಾಯಿತು.

ನಾವು ಇದ್ದದ್ದು ಮೆಕ್ಸಿಕೋದ ಕೆರಿಬಿಯನ್ ಕರಾವಳಿಯಲ್ಲಿ, ಕಿಂತಾನಾ ರೋ ರಾಜ್ಯದ ಪ್ವೆರ್ತೊ ಮೊರೆಲೋಸ್ ಎಂಬ ಸಣ್ಣ ಊರಿನಲ್ಲಿ. ಕಾನ್‌ಕುನ್‌ನಿಂದ ದಕ್ಷಿಣಕ್ಕೆ ಸುಮಾರು ಅರ್ಧ ಗಂಟೆ ದಾರಿ. 2025ರ ಮೇ ತಿಂಗಳು. ನಾನು, ಗಂಡ, ಹನ್ನೊಂದು ವರ್ಷದ ಮಗಳು. ಬಿಳಿ ಮರಳು, ಹಾಲು ಬೆರೆಸಿದ ನೀಲಿಯ ಹಾಗಿರುವ ನೀರು, ಇದನ್ನೇ ನೋಡಿ ನಾಲ್ಕು ತಿಂಗಳ ಮೊದಲು ರೂಮ್ ಬುಕ್ ಮಾಡಿದ್ದು. ಕಡಲಿಗೆ ಮುಖ ಮಾಡಿದ ಮೊದಲ ಸಾಲಿನ ರೂಮೇ ಬೇಕು ಅಂತ ಹಟ ಮಾಡಿದವಳು ನಾನು.

ಬಂದ ಸಂಜೆ ಬಾಲ್ಕನಿ ಬಾಗಿಲು ತೆಗೆದೆವು. ಕೊಳೆತ ಮೊಟ್ಟೆಯ ವಾಸನೆ. ಕೆಳಗೆ ನೋಡಿದರೆ ಮರಳು ಕಾಣಿಸಲೇ ಇಲ್ಲ. ದಂಡೆಯ ಉದ್ದಕ್ಕೂ ಕಂದು ಬಣ್ಣದ ಪಾಚಿಯ ದಿಬ್ಬ, ಕೆಲವು ಕಡೆ ನನ್ನ ಮೊಣಕಾಲಿಗಿಂತ ಎತ್ತರ. ಅದರಾಚೆ ನೀರು ಕಾಫಿ ಡಿಕಾಕ್ಷನ್ ಬಣ್ಣ. ಅದಕ್ಕೂ ಆಚೆ, ದೂರದಲ್ಲಿ, ನಾವು ಫೋಟೋದಲ್ಲಿ ನೋಡಿದ್ದ ಆ ನೀಲಿ ಒಂದು ಗೆರೆಯಷ್ಟು.

ಒಂದು ವಿಷಯ ಇನ್ನೂ ನನಗೆ ಸಿಟ್ಟು ತರಿಸುತ್ತದೆ. ಹೊರಡುವ ವಾರ ಹೋಟೆಲಿಗೆ ಫೋನ್ ಮಾಡಿ ಕೇಳಿದ್ದೆ, ಬೀಚ್ ಹೇಗಿದೆ ಅಂತ. "ತುಂಬಾ ಚೆನ್ನಾಗಿದೆ, ದಿನಾ ಕ್ಲೀನ್ ಮಾಡುತ್ತೇವೆ" ಅಂದರು. ಕ್ಲೀನ್ ಮಾಡುವುದು ನಿಜ. ದಿನಾ ಬೆಳಿಗ್ಗೆ ಆರಕ್ಕೇ ಹನ್ನೆರಡು ಮಂದಿ ಕವಲುಗೋಲು, ತಳ್ಳುಗಾಡಿ ಹಿಡಿದು ಬರುತ್ತಾರೆ, ಬೆನ್ನು ಬಾಗಿಸಿ ಹತ್ತರವರೆಗೆ ಎತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಷ್ಟೇ ಮತ್ತೆ ಬಂದು ಬಿದ್ದಿರುತ್ತದೆ. ಹಿಂದಿನ ಸಾಲಿನ ರೂಮ್ ಕೊಡಿ ಅಂದರೆ ಖಾಲಿ ಇಲ್ಲ ಅಂದರು, ಹಣ ವಾಪಸ್ ಅಂದರೆ ಪ್ರಕೃತಿಯ ವಿಷಯ ಅಂದರು. ಪ್ರಕೃತಿಯದ್ದೇ ಇರಬಹುದು, ಆದರೆ ನಾನು ಕೇಳಿದಾಗ ಹೇಳಬಹುದಿತ್ತು ಅಲ್ವಾ? ಆದ್ದರಿಂದ ಹೋಗುವವರಿಗೆ ಹೇಳುತ್ತೇನೆ: "ಬೀಚ್ ಹೇಗಿದೆ" ಅಂತ ಕೇಳಬೇಡಿ, ಈ ದಿನ ಬೆಳಿಗ್ಗೆ ತೆಗೆದ ಫೋಟೋ ಕಳಿಸಿ ಅನ್ನಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹೋಗುವುದಾದರೆ ಮೊದಲ ಸಾಲಿನ ರೂಮ್ ತಗೊಳ್ಳಬೇಡಿ, ಎರಡು ಬೀದಿ ಹಿಂದೆ ಇರಿ. ಉಬ್ಬಸ ಇರುವವರು ಜೊತೆಗಿದ್ದರೆ ಇನ್ನೂ ಯೋಚನೆ ಮಾಡಿ. ಬೆಳ್ಳಿ ತೆಗೆದಿಟ್ಟು ಹೋಗಿ.

ಬೆಳ್ಳಿ ಕಪ್ಪಾಗಿದ್ದು ಯಾಕೆ ಅಂತ ರೂಮ್ ಗುಡಿಸಲು ಬಂದ ಹೆಂಗಸೇ ಹೇಳಿದರು. ತಮ್ಮ ಬೋಳು ಕಿವಿ ತೋರಿಸಿ, ಓಲೆ ಹಾಕುವುದನ್ನೇ ಬಿಟ್ಟಿದ್ದೇನೆ ಎಂಬಂತೆ ಕೈಯಾಡಿಸಿದರು. ದಂಡೆಗೆ ಬಿದ್ದ ಪಾಚಿ ಎರಡು ದಿನಕ್ಕೆ ಕೊಳೆಯಲು ಶುರುವಾಗುತ್ತದೆ, ಆಗ ಹೈಡ್ರೋಜನ್ ಸಲ್ಫೈಡ್ ಅನಿಲ ಬರುತ್ತದೆ. ವಾಸನೆ ಅದರದ್ದೇ, ಬೆಳ್ಳಿ ಕಪ್ಪಾಗುವುದೂ ಅದರಿಂದಲೇ. ಏಸಿಯ ತಾಮ್ರದ ಕೊಳವೆಗಳನ್ನೂ ತಿನ್ನುತ್ತದಂತೆ. ನಮ್ಮ ರೂಮಿನ ಏಸಿ ಎರಡನೇ ರಾತ್ರಿಯೇ ನಿಂತಿತ್ತು.

ಮರುದಿನ ಮಾಯಾ ಜನರ ಹಳೇ ನಗರದ ಅವಶೇಷ ಇರುವ ಚಿಚೆನ್ ಇಟ್ಸಾಕ್ಕೆ ಹೋಗಿ ಬಂದೆವು. ದೊಡ್ಡದು, ಚೆನ್ನಾಗಿದೆ, ಬಿಸಿಲು ವಿಪರೀತ, ಜನ ಜಾಸ್ತಿ. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಲು ಕೂತಿದ್ದು ಅದರ ಹಿಂದಿನ ಸಂಜೆಗಾಗಿ, ಕಾಲುಂಗುರ ಕಪ್ಪಾದ ದಿನದ ಸಂಜೆ.

ಊರಿನ ಚೌಕದ ಎದುರು ಕಡಲ ಅಂಚಿನಲ್ಲಿ ಒಂದು ವಾಲಿದ ದೀಪಸ್ತಂಭ ಇದೆ. 1967ರಲ್ಲಿ ಬ್ಯೂಲಾ ಎಂಬ ಚಂಡಮಾರುತ ಬಂದಾಗ ವಾಲಿದ್ದು, ಬೀಳಲಿಲ್ಲ, ಊರಿನವರು ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ. ಅದರ ಬುಡದಲ್ಲಿ ಒಬ್ಬರು ದೋಣಿಯವರು ಕೂತು ಹಗ್ಗ ಹೆಣೆಯುತ್ತಿದ್ದರು. ಅರವತ್ತು ದಾಟಿದ ವಯಸ್ಸು. ಪ್ರವಾಸಿಗರನ್ನು ಹವಳದ ದಿಬ್ಬಕ್ಕೆ ಕರೆದುಕೊಂಡು ಹೋಗಿ ಹೋಗಿ ಕಲಿತ ಇಂಗ್ಲಿಷ್, ನಡುವೆ ಸ್ಪ್ಯಾನಿಷ್, ಉಳಿದದ್ದು ಕೈ. ಮಗಳು ನೇರ ಹೋಗಿ ಕೇಳಿಯೇಬಿಟ್ಟಳು: "ಇದೆಲ್ಲ ಎಲ್ಲಿಂದ ಬರುತ್ತೆ?"

ಅವರು ಕಡಲು ತೋರಿಸಲಿಲ್ಲ. ಕಟ್ಟೆಯ ಕಂಬಗಳ ಮೇಲೆ ಕೂತಿದ್ದ ಪೆಲಿಕನ್‌ಗಳನ್ನು ತೋರಿಸಿದರು. "ಕೊಕ್ಕು ಯಾವ ಕಡೆ ಇದೆ ನೋಡು." ಏಳೆಂಟು ಹಕ್ಕಿಗಳು, ಎಲ್ಲವೂ ಒಂದೇ ಕಡೆ ತಿರುಗಿ ಕೂತಿದ್ದವು. ಗಾಳಿ ಬರುವ ಕಡೆಗೇ ಮುಖ ಮಾಡಿ ಕೂರುತ್ತವೆ, ಇಲ್ಲದಿದ್ದರೆ ಗರಿ ಕೆದರುತ್ತದೆ ಅಂದರು. ಆಮೇಲೆ ಅವಳನ್ನು ನೀರಿನ ಕಡೆ ತಿರುಗಿಸಿ ನಿಲ್ಲಿಸಿ ಕಣ್ಣು ಮುಚ್ಚು ಅಂದರು. ಯಾವ ಕೆನ್ನೆಗೆ ಗಾಳಿ?

"ಬಲ."

"ಹಾಗಾದರೆ ನಾಳೆಯೂ ಬರುತ್ತದೆ."

ಈ ದಂಡೆ ಪೂರ್ವಕ್ಕೆ ಮುಖ ಮಾಡಿದೆ. ಬಲಗೆನ್ನೆ ಅಂದರೆ ಆಗ್ನೇಯದ ಗಾಳಿ. ನೇರ ಮುಖಕ್ಕೆ ಬಡಿದರೆ ಮೂಡುಗಾಳಿ. ಎರಡೂ ಪಾಚಿ ತರುತ್ತವೆ. ಎಡಗೆನ್ನೆಗೆ, ಅಂದರೆ ಬಡಗಣದಿಂದ ಬೀಸಿದರೆ ಬರುವುದು ನಿಲ್ಲುತ್ತದೆ. ಚಳಿಗಾಲದಲ್ಲಿ ಬರುವ ಆ ಗಾಳಿಗೆ ಅವರು ನೊರ್ತೆ ಅನ್ನುತ್ತಾರೆ. ನೊರ್ತೆ ಬಂದರೆ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲ, ಬಂದರು ಮುಚ್ಚುತ್ತಾರೆ, ದುಡಿಮೆ ಇಲ್ಲ. "ಮೊದಲು ಅದನ್ನು ಬಯ್ಯುತ್ತಿದ್ದೆ. ಈಗ ಯಾವಾಗ ಬರುತ್ತದೆ ಅಂತ ಕಾಯುತ್ತೇನೆ."

ನಾನು ಕೇಳಿದೆ, ನೀವು ಚಿಕ್ಕವರಿದ್ದಾಗ ಇದು ಇರಲಿಲ್ಲವಾ?

ಇತ್ತು, ಒಂದು ಹಿಡಿ ಎರಡು ಹಿಡಿ ಅಂದರು. ಸರ್ಗಾಸೊ, ಅಂದರೆ ಈ ಪಾಚಿ, ತೇಲಿ ಬಂದರೆ ಖುಷಿಪಡುತ್ತಿದ್ದರಂತೆ, ಅದರ ನೆರಳಲ್ಲಿ ದೊರಾದೊ ಮೀನು ಇರುತ್ತದೆ ಅಂತ. 2015ರ ಬೇಸಿಗೆಯಲ್ಲಿ ಮೊದಲ ಸಲ ದಂಡೆ ತುಂಬ ಬಂತು. ಒಂದು ಸಲದ ಮಾತು ಅಂದುಕೊಂಡರು. 2018ರಲ್ಲಿ ಅದಕ್ಕಿಂತ ಜಾಸ್ತಿ ಬಂತು, ನೀರು ಕಪ್ಪಾಯಿತು, ಮೀನು, ಏಡಿ, ಆಕ್ಟೋಪಸ್ ಸತ್ತು ದಡಕ್ಕೆ ಬಿದ್ದವು. ಇಲ್ಲಿನ ಸಂಶೋಧಕರು ಆ ವರ್ಷ ಸತ್ತ 78 ಜಾತಿಯ ಪ್ರಾಣಿಗಳನ್ನು ಲೆಕ್ಕ ಹಾಕಿದ್ದಾರೆ. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯದ ಹವಳ ಅಧ್ಯಯನ ಕೇಂದ್ರ ಇದೇ ಊರಿನಲ್ಲಿದೆ, ಇವರ ದೋಣಿಯಲ್ಲೂ ಅವರು ಹೋಗುತ್ತಾರಂತೆ.

ಆಮೇಲೆ ಅವರು ಹೇಳಿದ್ದನ್ನು ನಾನು ಆ ರಾತ್ರಿಯೇ ಡೈರಿಯಲ್ಲಿ ಬರೆದುಕೊಂಡೆ. "ಗಾಳಿ ಬದಲಾಗಿಲ್ಲ. ನನ್ನ ಅಪ್ಪನ ಕಾಲದಲ್ಲೂ ಇದೇ ಗಾಳಿ, ಇದೇ ತಿಂಗಳು. ಆಗ ಬರಿಗೈಯಲ್ಲಿ ಬರುತ್ತಿತ್ತು."

ಆ ಮಾತು ನನ್ನನ್ನು ಬಿಡಲಿಲ್ಲ. ಗಾಳಿ ಅದೇ ಆದರೆ ಅದರ ಕೈಗೆ ಇದನ್ನು ಕೊಟ್ಟವರು ಯಾರು? ಏಸಿ ಇಲ್ಲದ ರೂಮಿನಲ್ಲಿ, ಕಿಟಕಿ ಮುಚ್ಚಿಕೊಂಡು, ಫೋನ್ ಬೆಳಕಲ್ಲಿ ರಾತ್ರಿ ಎರಡರವರೆಗೆ ಓದಿದೆ. ಊರಿಗೆ ಬಂದ ಮೇಲೂ ಓದಿದೆ.

ಅವರು ಸರ್ಗಾಸೊ ಅಂದ ಪಾಚಿಯ ಶಾಸ್ತ್ರೀಯ ಹೆಸರು ಸರ್ಗಾಸಮ್. ಅದರ ಜಾತಿಗಳಲ್ಲಿ ಹೆಚ್ಚಿನವು ಬಂಡೆಗೆ ಅಂಟಿ ಬೆಳೆಯುತ್ತವೆ. ಆದರೆ ಎರಡು ಜಾತಿ, ನಾಟನ್ಸ್ ಮತ್ತು ಫ್ಲೂಯಿಟನ್ಸ್, ಹುಟ್ಟಿನಿಂದ ಸಾವಿನವರೆಗೆ ತೇಲುತ್ತಲೇ ಇರುತ್ತವೆ. ಬೇರಿಲ್ಲ, ಬೀಜವಿಲ್ಲ, ತುಂಡಾದರೆ ಆ ತುಂಡೇ ಹೊಸ ಗಿಡ. ಸಣ್ಣ ದ್ರಾಕ್ಷಿಯಂಥ ಗಾಳಿ ಗುಳ್ಳೆಗಳು ಅದನ್ನು ಮೇಲೆ ಹಿಡಿದಿರುತ್ತವೆ. ನೂರಾರು ವರ್ಷಗಳಿಂದ ಇದರ ಮನೆ ಉತ್ತರ ಅಟ್ಲಾಂಟಿಕ್‌ನ ನಡುವಿನ ಸರ್ಗಾಸೋ ಸಮುದ್ರ. ದಡವೇ ಇಲ್ಲದ ಸಮುದ್ರ ಅದು, ಸುತ್ತಲೂ ಇರುವುದು ಸಾಗರ ಪ್ರವಾಹಗಳು ಮಾತ್ರ. 1492ರಲ್ಲಿ ಕೊಲಂಬಸ್‌ನ ಹಡಗುಗಳು ಈ ಪಾಚಿಯ ನಡುವೆಯೇ ಸಾಗಿದ್ದವು.

2009-10ರ ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಗಾಳಿ ದಾರಿ ತಪ್ಪಿತು. ಆಜೋರ್ಸ್ ದ್ವೀಪಗಳ ಕಡೆಯ ಅಧಿಕ ಒತ್ತಡ ಮತ್ತು ಐಸ್‌ಲ್ಯಾಂಡ್ ಕಡೆಯ ಕಡಿಮೆ ಒತ್ತಡದ ನಡುವೆ ಒಂದು ತಕ್ಕಡಿಯಾಟ ಇದೆ, ಆ ವರ್ಷ ಅದು ಎಂದೂ ಕಾಣದಷ್ಟು ಒಂದು ಕಡೆಗೆ ವಾಲಿತು. ಪಡುಗಾಳಿ ತನ್ನ ಎಂದಿನ ಜಾಗ ಬಿಟ್ಟು ದಕ್ಷಿಣಕ್ಕೆ ಇಳಿದು, ಜೋರಾಗಿ ಬೀಸಿ, ಸರ್ಗಾಸೋ ಸಮುದ್ರದ ಪಾಚಿಯಲ್ಲಿ ಒಂದು ಪಾಲನ್ನು ಪೂರ್ವಕ್ಕೆ, ಯುರೋಪ್ ಮತ್ತು ಆಫ್ರಿಕಾದ ಅಂಚಿನವರೆಗೆ ತಳ್ಳಿತು. ಅಲ್ಲಿಂದ ಕ್ಯಾನರಿ ಪ್ರವಾಹ ಅದನ್ನು ದಕ್ಷಿಣಕ್ಕೆ ಎಳೆದು ಸಮಭಾಜಕದ ಹತ್ತಿರ ಬಿಟ್ಟಿತು. ಅದೇ ಸರಿಯಾದ ವಿವರಣೆ ಅಂತ ಈಗ ಹಲವು ವಿಜ್ಞಾನಿಗಳು ಹೇಳುತ್ತಾರೆ. ಅಲ್ಲಿ ಬಿಸಿಲು ಧಾರಾಳ, ನೀರು ಬೆಚ್ಚಗೆ. ಉತ್ತರದಿಂದ ಒಂದು, ದಕ್ಷಿಣದಿಂದ ಒಂದು, ಎರಡು ಗಾಳಿಗಳು ಕೂಡುವ ಪಟ್ಟಿ ಅದು, ತೇಲುವುದೆಲ್ಲ ಅಲ್ಲಿ ಗುಡ್ಡೆಯಾಗುತ್ತದೆ. ಚಳಿಗಾಲದ ಜೋರು ಗಾಳಿ ನೀರನ್ನು ಕಡೆದು ಆಳದ ಪೋಷಕಾಂಶವನ್ನು ಮೇಲಕ್ಕೆ ತರುತ್ತದೆ. ಅಮೆಜಾನ್ ತರುವ ಗೊಬ್ಬರವೂ ಕಾರಣ ಎಂಬ ವಾದ ಇದೆ. ಅಂತೂ ಹೋದ ಪಾಚಿ ವಾಪಸ್ ಬರಲಿಲ್ಲ, ಅಲ್ಲೇ ಬೆಳೆಯಿತು.

2011ರಲ್ಲಿ ಕೆರಿಬಿಯನ್ ದ್ವೀಪಗಳಿಗೂ ಪಶ್ಚಿಮ ಆಫ್ರಿಕಾಕ್ಕೂ ಮೊದಲ ದೊಡ್ಡ ರಾಶಿ ಬಂದು ಬಿತ್ತು. 2018ರ ಜೂನ್‌ನಲ್ಲಿ ಉಪಗ್ರಹ ಚಿತ್ರ ನೋಡಿದವರಿಗೆ ಆಫ್ರಿಕಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದದ ಪಟ್ಟಿ ಕಂಡಿತು, 2 ಕೋಟಿ ಟನ್‌ಗೂ ಜಾಸ್ತಿ ತೂಕದ್ದು. ದಕ್ಷಿಣ ಫ್ಲಾರಿಡಾ ವಿಶ್ವವಿದ್ಯಾಲಯದವರು ಪ್ರತಿ ತಿಂಗಳೂ ಇದರ ಲೆಕ್ಕ ಪ್ರಕಟಿಸುತ್ತಾರೆ. ನಾವು ಹೋದ ಆ ಮೇ ತಿಂಗಳೇ ಅವರ ಲೆಕ್ಕ ಸುಮಾರು 3.75 ಕೋಟಿ ಟನ್ ಮುಟ್ಟಿತ್ತು, ಅಲ್ಲಿಯವರೆಗಿನ ದಾಖಲೆ.

ಶಾಲೆಯ ಭೂಗೋಳದಲ್ಲಿ ವಾಣಿಜ್ಯ ಮಾರುತ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಪೂರ್ವದಿಂದ ಪಶ್ಚಿಮಕ್ಕೆ ವರ್ಷವಿಡೀ ಬೀಸುವುದು, ಪರೀಕ್ಷೆಗೆ ಬಾಣದ ಗುರುತು ಹಾಕುತ್ತಿದ್ದೆವು. ಆ ಬಾಣದ ತುದಿಯಲ್ಲಿ ನಮ್ಮ ಬಾಲ್ಕನಿ ಇತ್ತು. ದೋಣಿಯವರ ಅಪ್ಪನ ಕಾಲದ ಗಾಳಿ ಅದೇ. ಬೇರೆಲ್ಲೋ ಬೀಸಿದ ಒಂದು ಚಳಿಗಾಲದ ಗಾಳಿ ಅದರ ದಾರಿಯಲ್ಲಿ ಇದನ್ನು ಇಟ್ಟು ಹೋಗಿತ್ತು.

ಐದನೇ ದಿನ ಬೆಳಿಗ್ಗೆ ಅವರದ್ದೇ ದೋಣಿಯಲ್ಲಿ ಹೊರಟೆವು. ಹವಳದ ದಿಬ್ಬ ಇಲ್ಲಿ ರಾಷ್ಟ್ರೀಯ ಉದ್ಯಾನ, 1998ರಿಂದ. ಪರವಾನಗಿ ಇರುವ ಗೈಡ್ ಇಲ್ಲದೆ ಇಳಿಯುವ ಹಾಗಿಲ್ಲ, ಲೈಫ್ ಜಾಕೆಟ್ ಬೇಕೇ ಬೇಕು. ದಂಡೆಯ ಹತ್ತಿರ ನೌಕಾಪಡೆಯವರು ಪಾಚಿ ತಡೆಯಲು ಹಾಕಿಸಿದ ತೇಲುವ ಬೇಲಿ ಇತ್ತು. ಗಾಳಿ ಜೋರಾದರೆ ಅಲೆ ಅದರ ಮೇಲಿಂದ ಪಾಚಿಯನ್ನು ದಾಟಿಸಿಬಿಡುತ್ತದೆ, ನಾವು ನೋಡುತ್ತಿದ್ದಂತೆಯೇ ದಾಟುತ್ತಿತ್ತು. ಡಿಕಾಕ್ಷನ್ ನೀರು ಮುಗಿದು ಹಸಿರು, ಆಮೇಲೆ ಆ ನೀಲಿ. ವಾಸನೆ ಹೋಯಿತು. ಮಗಳು ಬಾಯಿ ತೆರೆದು ಉಸಿರೆಳೆದಳು.

ದಿಬ್ಬದ ನಡುವಿನ ಸಂದಿಯಿಂದ ಹೊರಗೆ, ತೆರೆದ ಕಡಲಿಗೆ ಬಂದಾಗ ಅವರು ಎಂಜಿನ್ ನಿಲ್ಲಿಸಿದರು. ಅಲ್ಲಿ ನಾನು ನೋಡಿದ್ದನ್ನು ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ನೀಲಿ ನೀರಿನ ಮೇಲೆ ಬಂಗಾರದ ಬಣ್ಣದ ಸಾಲುಗಳು. ಒಂದರ ಪಕ್ಕ ಒಂದು, ಉತ್ತ ಗದ್ದೆಯಲ್ಲಿ ಸಾಲು ಇರುತ್ತದಲ್ಲ ಹಾಗೆ, ಕಣ್ಣು ಹೋಗುವವರೆಗೂ. ಎಲ್ಲ ಸಾಲುಗಳೂ ಗಾಳಿ ಬೀಸುವ ದಿಕ್ಕಿಗೇ ಚಾಚಿದ್ದವು. ಯಾರೋ ದೊಡ್ಡ ಬಾಚಣಿಗೆಯಿಂದ ಕಡಲನ್ನು ಬಾಚಿದ ಹಾಗೆ.

ಇದೇ ಸಾಲುಗಳನ್ನು 1927ರಲ್ಲಿ ಅರ್ವಿಂಗ್ ಲ್ಯಾಂಗ್ಮ್ಯೂರ್ ಎಂಬ ವಿಜ್ಞಾನಿ ಅಟ್ಲಾಂಟಿಕ್ ದಾಟುವ ಹಡಗಿನಿಂದ ನೋಡಿದ್ದರು. ಪಾಚಿ ಯಾಕೆ ಹೀಗೆ ಗೆರೆ ಎಳೆದ ಹಾಗೆ ಕೂಡುತ್ತದೆ ಅಂತ ತಲೆ ಕೆಡಿಸಿಕೊಂಡು, ಕೆರೆಯೊಂದರಲ್ಲಿ ಪ್ರಯೋಗ ಮಾಡಿ, 1938ರಲ್ಲಿ ಉತ್ತರ ಬರೆದರು. ಗಾಳಿ ಬೀಸಿದಾಗ ನೀರಿನ ಮೇಲ್ಪದರ ಸುರುಳಿ ಸುರುಳಿಯಾಗಿ ತಿರುಗುತ್ತದೆ, ಗಾಳಿಯ ದಿಕ್ಕಿಗೆ ಮಲಗಿಸಿದ ಉದ್ದ ಉರುಳೆಗಳ ಹಾಗೆ. ಪಕ್ಕಪಕ್ಕದ ಎರಡು ಉರುಳೆ ಒಂದಕ್ಕೊಂದು ಎದುರಾಗಿ ತಿರುಗಿ ನೀರು ಕೆಳಗಿಳಿಯುವ ಕಡೆ ತೇಲುವ ವಸ್ತು ಬಂದು ಸಾಲಾಗಿ ನಿಲ್ಲುತ್ತದೆ. ನೀರು ಇಳಿಯುತ್ತದೆ, ಗುಳ್ಳೆ ಇರುವ ಪಾಚಿ ಇಳಿಯಲಾರದು, ಅಷ್ಟೇ. ಗಾಳಿಯನ್ನು ಕಣ್ಣಿಂದ ನೋಡಿದೆ ಅಂತ ನಾನು ಹೇಳಿಕೊಳ್ಳಬಹುದಾದರೆ ಅದು ಆ ಬೆಳಿಗ್ಗೆ.

ಇಳಿದೆವು. ಕನ್ನಡಕ ಹಾಕಿ ಸಾಲಿನ ಅಂಚಿಗೆ ಹೋಗಿ ಕೆಳಗಿನಿಂದ ನೋಡಿದರೆ ಬಿಸಿಲು ಪಾಚಿಯ ಮೂಲಕ ಜೇನಿನ ಬಣ್ಣಕ್ಕೆ ತಿರುಗಿ ಇಳಿಯುತ್ತಿತ್ತು. ಎಲೆಗಳ ನಡುವೆ ಉಗುರಿನಷ್ಟು ಏಡಿ, ಕೂದಲಿನಷ್ಟು ಸಣ್ಣ ಸಿಗಡಿ, ಬೆರಳುದ್ದದ ಮೀನುಮರಿಗಳ ಗುಂಪು. ಸರ್ಗಾಸಮ್ ಮೀನು ಅಂತಲೇ ಒಂದಿದೆ, ಪಾಚಿಯ ಬಣ್ಣ, ಪಾಚಿಯ ಆಕಾರ, ಕೈಯಂಥ ರೆಕ್ಕೆಯಿಂದ ರೆಂಬೆ ಹಿಡಿದುಕೊಂಡು ಕೂತಿರುತ್ತದೆ. ನಾನು ಎರಡು ಸಲ ಅದರ ಮುಂದೆಯೇ ಹಾದುಹೋಗಿದ್ದೆ, ಮಗಳು ಕೈ ಹಿಡಿದು ಎಳೆದು ತೋರಿಸಿದಳು. ಅದು ಕಣ್ಣು ತಿರುಗಿಸಿ ನಮ್ಮನ್ನು ನೋಡಿತು. ಕಡಲಾಮೆ ಮರಿಗಳು ಮೊದಲ ವರ್ಷಗಳನ್ನು ಇಂಥ ಚಾಪೆಗಳಲ್ಲೇ ಕಳೆಯುತ್ತವೆ. ಅದೇ ಆಮೆ ಮೊಟ್ಟೆ ಇಡಲು ದಂಡೆಗೆ ಬಂದರೆ ಅಲ್ಲಿ ಇದೇ ಪಾಚಿಯ ಗೋಡೆ ಅಡ್ಡ.

ದೋಣಿ ಹತ್ತಿದ ಮೇಲೆ ಮಗಳು ಒಂದು ಎಸಳು ಕೈಯಲ್ಲಿ ಹಿಡಿದು ಮೂಸಿದಳು. ಉಪ್ಪಿನ ವಾಸನೆ ಬಿಟ್ಟರೆ ಏನೂ ಇಲ್ಲ. "ಇದು ಯಾವಾಗ ದಡ ಮುಟ್ಟುತ್ತೆ?" ಅಂದಳು. ಅವರು ಪೆಲಿಕನ್ ಹುಡುಕಲಿಲ್ಲ, ಸುಮ್ನೆ ತಲೆ ಎತ್ತಿ ಮುಖಕ್ಕೆ ಗಾಳಿ ಹಿಡಿದರು. "ಸಂಜೆ." ಅವಳು ಆ ಎಸಳನ್ನು ಮತ್ತೆ ನೀರಿಗೆ ಹಾಕಿದಳು, ಸಾಲಿನ ಆಚೆ ಬದಿಗೆ, ಆದಷ್ಟು ದೂರ. ನನಗೆ ಗಂಟಲು ಕಟ್ಟಿತು.

ಆ ಮಧ್ಯಾಹ್ನವೇ ಬಾಡಿಗೆ ವ್ಯಾನ್ ಹಿಡಿದು ಪ್ಲಾಯಾ ದೆಲ್ ಕಾರ್ಮೆನ್‌ಗೆ ಹೋಗಿ, ಅಲ್ಲಿಂದ ಫೆರ್ರಿಯಲ್ಲಿ ಮುಕ್ಕಾಲು ಗಂಟೆಯ ಕೊಸುಮೆಲ್ ದ್ವೀಪಕ್ಕೆ ಹೋದೆವು, ರಾತ್ರಿ ಅಲ್ಲೇ ಉಳಿದೆವು. ಒಳ್ಳೆಯ ಬೀಚ್ ಒಂದಾದರೂ ನೋಡಲಿ ಅಂತ ಗಂಡ ಹೇಳಿದ್ದಕ್ಕೆ ಹೋಗಿದ್ದು. ಆದರೆ ನನಗೆ ಅಲ್ಲಿ ಮರೆಯಲಾಗದ್ದು ದ್ವೀಪದ ಎರಡು ಮುಖಗಳು. ಪಡುವಣ ದಂಡೆಯಲ್ಲಿ ಊರು, ಕನ್ನಡಿಯಂಥ ನೀರು, ಒಂದು ಎಸಳು ಪಾಚಿ ಇಲ್ಲ. ಮರುದಿನ ಬೆಳಿಗ್ಗೆ ಕಾಡಿನ ನಡುವಿನ ನೇರ ರಸ್ತೆಯಲ್ಲಿ ಕಾರಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಮೂಡಣ ದಂಡೆ. ಗಾಳಿ ಕಾರಿನ ಬಾಗಿಲನ್ನು ಕೈಯಿಂದ ಕಿತ್ತುಕೊಂಡಿತು. ಬಂಡೆಗಳ ಮೇಲೆಲ್ಲ ಕಂದು ರಾಶಿ. ಒಂದೇ ದ್ವೀಪ, ಒಂದೇ ಕಡಲು. ಗಾಳಿಗೆ ಎದೆ ಕೊಟ್ಟ ಕಡೆ ಇದು, ಬೆನ್ನು ಕೊಟ್ಟ ಕಡೆ ಅದು. ರೂಮ್ ಬುಕ್ ಮಾಡುವ ಮೊದಲು ನಕ್ಷೆಯಲ್ಲಿ ದಂಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ನೋಡಿದ್ದರೆ ಸಾಕಿತ್ತು. ಇಸ್ಲಾ ಮುಹೇರೆಸ್ ದ್ವೀಪದ ಉತ್ತರದ ಬೀಚ್ ಕೂಡ ಇದೇ ಕಾರಣಕ್ಕೆ ಹೆಚ್ಚಾಗಿ ಚೆನ್ನಾಗಿರುತ್ತದೆ. ಕಿಂತಾನಾ ರೋದಲ್ಲಿ ಯಾವ ದಂಡೆಗೆ ಎಷ್ಟು ಪಾಚಿ ಬಂದಿದೆ ಅಂತ ಬಣ್ಣ ಹಚ್ಚಿ ತೋರಿಸುವ ನಕ್ಷೆಯನ್ನು ಸೀಸನ್‌ನಲ್ಲಿ ಪ್ರಕಟಿಸುತ್ತಾರೆ, ಅದನ್ನೂ ಗಾಳಿಯ ಮುನ್ಸೂಚನೆಯನ್ನೂ ಒಟ್ಟಿಗೆ ನೋಡಿ.

ಪ್ವೆರ್ತೊ ಮೊರೆಲೋಸ್‌ಗೆ ವಾಪಸ್ ಬಂದ ಸಂಜೆ ಇನ್ನೊಂದು ವಿಷಯ ಕೇಳಿದೆ. ಇದೇ ಊರಿನ ಓಮರ್ ವಾಸ್ಕೆಸ್ ಎಂಬವರು 2018ರಿಂದ ಪಾಚಿಯನ್ನು ಮಣ್ಣಿನ ಜೊತೆ ಕಲಸಿ ಇಟ್ಟಿಗೆ ಮಾಡುತ್ತಾರೆ, ಮೊದಲ ಮನೆ ಕಟ್ಟಿ ಅಮ್ಮನ ಹೆಸರಿಟ್ಟರು. ನನಗೆ ಇದು ತುಂಬಾ ಹಿಡಿಸಿತು. ಗೊಬ್ಬರ ಮಾಡಿ, ದನಕ್ಕೆ ಹಾಕಿ ಅಂತ ಸಲಹೆ ಕೊಡುವವರು ಬಹಳ ಜನ, ಆದರೆ ಈ ಕರಾವಳಿಯ ಪಾಚಿಯನ್ನು ಪರೀಕ್ಷೆ ಮಾಡಿದಾಗ 86% ಮಾದರಿಗಳಲ್ಲಿ ಮೇವಿಗೆ ಇರುವ ಮಿತಿಗಿಂತ ಜಾಸ್ತಿ ಆರ್ಸೆನಿಕ್ ಸಿಕ್ಕಿತ್ತು. ಎತ್ತಿದ ಪಾಚಿಯನ್ನು ಕಾಡಿನ ಒಳಗೆ ಸುಮ್ನೆ ಸುರಿದರೆ ಅದರ ರಸ ಕೆಳಗಿನ ನೀರಿಗೆ ಹೋಗುತ್ತದೆ, ಇಲ್ಲಿನ ನೆಲ ಸುಣ್ಣಕಲ್ಲು, ಜರಡಿಯ ಹಾಗೆ. ದೊಡ್ಡ ಯಂತ್ರದಿಂದ ಎತ್ತಿದರೆ ಮರಳೂ ಜೊತೆಗೆ ಹೋಗಿ ದಂಡೆ ಸವೆಯುತ್ತದೆ. ಬೆಳಿಗ್ಗೆ ಆರಕ್ಕೆ ಬರುವ ಆ ಹನ್ನೆರಡು ಮಂದಿಯ ಕವಲುಗೋಲೇ ಇದ್ದುದರಲ್ಲಿ ಒಳ್ಳೆಯದು ಅಂತ ತಿಳಿದ ಮೇಲೆ ಬಾಲ್ಕನಿಯಿಂದ ಅವರನ್ನು ನೋಡುವುದು ಇನ್ನೂ ಕಷ್ಟವಾಯಿತು. ಮೂಗಿಗೆ ಒಂದು ಬಟ್ಟೆ ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ. ತಲೆನೋವು ದಿನಾ ಇರುತ್ತದೆ ಅಂತ ಅವರಲ್ಲೊಬ್ಬ ಹುಡುಗ ಹಣೆ ಒತ್ತಿ ತೋರಿಸಿದ್ದ.

ಹೊರಡುವ ಬೆಳಿಗ್ಗೆ ಟ್ಯಾಕ್ಸಿ ಬರಲು ಇನ್ನೂ ಹತ್ತು ನಿಮಿಷ ಇತ್ತು. ಮಗಳು ಕೈ ಬಿಡಿಸಿಕೊಂಡು ದೀಪಸ್ತಂಭದ ಹತ್ತಿರ ಓಡಿದಳು. ದೋಣಿಯವರು ಆಗಲೇ ಕಡಲಿಗೆ ಹೋಗಿದ್ದರು, ಪೆಲಿಕನ್‌ಗಳೂ ಇರಲಿಲ್ಲ. ಅವಳು ನೀರಿನ ಕಡೆ ತಿರುಗಿ ಕಣ್ಣು ಮುಚ್ಚಿ ನಿಂತಳು, ನಾನೂ ಪಕ್ಕದಲ್ಲಿ ನಿಂತೆ. ಕೆಳಗೆ ತಳ್ಳುಗಾಡಿಗಳ ಸದ್ದು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ಗಾಳಿಯೇ ಇರಲಿಲ್ಲ. ಆಮೇಲೆ ಬಂತು, ಬಲಗಡೆಯಿಂದ.